ನೀಲಿ ಡ್ರಮ್ಮುಗಳ ಬೆನ್ನುಹತ್ತಿದ ಶಾಲುಬಾಯಿ

ಬೆಳಗಿನ ಐದೂವರೆ. ಬೀದರಿನ ನೌಬಾದ ದಾಟಿ ಸ್ವಲ್ಪ ದೂರ ಹೋದರೆ ಸಿಗುವ ಮುಚ್ಚಿದ ಕಾರ್ಖಾನೆಯ ಗೇಟಿನೊಳಗೆ, ಬೇವಿನ ಮರದ ಬುಡದಲ್ಲಿ ಕುಳಿತು ಶಾಲುಬಾಯಿ ಕಾಲಿಗೆ ರಬ್ಬರ್ ಬೂಟು ಏರಿಸುತ್ತಿದ್ದಾರೆ. ಸೀರೆಯ ಬದಲು ಗಂಡನ ಹಳೆಯ ಪ್ಯಾಂಟು, ತುಂಬುತೋಳಿನ ಅಂಗಿ. ಅದರ ಮೇಲೆ ಕಾಗದದಂತೆ ಸರಸರ ಎನ್ನುವ ಬಿಳಿ ಉಡುಪು. ಕೈಬಳೆಗಳನ್ನು ತೆಗೆದು ವಸ್ತ್ರದ ತುದಿಗೆ ಗಂಟು ಹಾಕಿ ಮರದ ಕೊಂಬೆಗೆ ಸಿಕ್ಕಿಸುತ್ತಾರೆ. ಒಂದರ ಮೇಲೊಂದು ಎರಡು ಜೊತೆ ಕೈಗವಸು ತೊಟ್ಟು, ಮಣಿಕಟ್ಟಿನ ಸುತ್ತ ಟೇಪು ಬಿಗಿಸಿಕೊಳ್ಳುತ್ತಾರೆ. ಮಾಸ್ಕ್ ಹಾಕಿಕೊಳ್ಳುವ ಮುನ್ನ ಒಂದು ತಂಬಿಗೆ ನೀರು ನಿಧಾನವಾಗಿ ಕುಡಿಯುತ್ತಾರೆ. ಒಳಗೆ ಹೋದರೆ ಮೂರು ತಾಸು ಬಾಯಿಗೆ ಹನಿ ನೀರು ಬೀಳುವಂತಿಲ್ಲ.

"ಬಿಸಲು ಏರೂದರಾಗ ಮುಗಸಬೇಕರಿ. ಒಂಬತ್ತಾತಂದ್ರ ಈ ಅಂಗಿ ಒಳಗ ಮನುಷ್ಯಾ ಕುದಿತಾನ," ಎನ್ನುತ್ತಾ ಎದ್ದು ನಿಲ್ಲುತ್ತಾರೆ.

ತಗಡಿನ ಶೆಡ್ಡಿನಲ್ಲಿ ಡ್ರಮ್ಮುಗಳು ಸಾಲಾಗಿ ನಿಂತಿವೆ. ಕೆಲವು ಕಬ್ಬಿಣದವು, ತುಕ್ಕು ಹಿಡಿದು ಸೊರಗಿವೆ. ಹೆಚ್ಚಿನವು ನೀಲಿ ಪ್ಲಾಸ್ಟಿಕ್ಕಿನವು. ಶಾಲುಬಾಯಿ ಮೊದಲು ಯಾವುದನ್ನೂ ಮುಟ್ಟುವುದಿಲ್ಲ. ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಮುಚ್ಚಳಗಳನ್ನಷ್ಟೇ ನೋಡುತ್ತಾ ನಡೆಯುತ್ತಾರೆ. ಒಂದು ಕಡೆ ನಿಲ್ಲುತ್ತಾರೆ. ಆ ಡ್ರಮ್ಮಿನ ಮುಚ್ಚಳ ಅಂಗೈಯಷ್ಟು ಮೇಲಕ್ಕೆ ಉಬ್ಬಿದೆ. ಒಳಗೆ ಗಾಳಿ ತುಂಬಿಕೊಂಡಿದೆ ಎಂದರ್ಥ. ತೆರೆದರೆ ಸಿಡಿಯಬಹುದು. ಸೊಂಟಕ್ಕೆ ಸಿಕ್ಕಿಸಿಕೊಂಡ ಕೆಂಪು ಬಟ್ಟೆಯ ತುಂಡೊಂದನ್ನು ಅದರ ಮುಂದೆ ಕಲ್ಲಿನ ಕೆಳಗಿಟ್ಟು ಮುಂದೆ ಸಾಗುತ್ತಾರೆ. ಅದು ಎಂಜಿನಿಯರುಗಳ ಪಾಲು. ಸೋರಿದ ಡ್ರಮ್ಮು ಶಾಲುಬಾಯಿಯ ಪಾಲು. ನೆಲಕ್ಕೆ ಕಟ್ಟಿಗೆ ಹೊಟ್ಟು ಚೆಲ್ಲಿ, ಅದು ಹೀರಿಕೊಂಡ ಮೇಲೆ ಪ್ಲಾಸ್ಟಿಕ್ ಸಲಿಕೆಯಿಂದ ಕೆರೆದು ದಪ್ಪ ಚೀಲಕ್ಕೆ ತುಂಬುತ್ತಾರೆ. ಕಬ್ಬಿಣದ ಸಲಿಕೆ ಇಲ್ಲಿ ನಿಷಿದ್ಧ. ಒಂದು ಕಿಡಿ ಹಾರಿದರೂ ಸಾಕು.

ಕೀಟನಾಶಕಕ್ಕೆ, ಬಣ್ಣಕ್ಕೆ ಬೇಕಾಗುವ ರಾಸಾಯನಿಕಗಳನ್ನು ತಯಾರಿಸುತ್ತಿದ್ದ ಈ ಕಾರ್ಖಾನೆ ನಾಲ್ಕು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಬಾಗಿಲು ತೆರೆಯಲೇ ಇಲ್ಲ. ಮಾಲೀಕರು ಎಲ್ಲಿಗೆ ಹೋದರೋ ಗೊತ್ತಿಲ್ಲ. ಡ್ರಮ್ಮುಗಳು ಮಾತ್ರ ಉಳಿದವು. ಕೊನೆಗೆ ಸ್ವಚ್ಛಗೊಳಿಸುವಂತೆ ಆದೇಶ ಬಂದು, ಕಳೆದ ಡಿಸೆಂಬರಿನಲ್ಲಿ ಹೊರಗಿನ ಸಂಸ್ಥೆಯೊಂದು ಕೆಲಸ ವಹಿಸಿಕೊಂಡಿತು. ಏಳು ಜನ ಕೂಲಿಗಳು, ಇಬ್ಬರು ಎಂಜಿನಿಯರುಗಳು, ಕಾಶೀರಾಮ ಎಂಬ ಮೇಲ್ವಿಚಾರಕರು. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಡ್ರಮ್ಮು. ತಿಂಗಳಿಗೆ ಎರಡು ಸಲ ಮುಚ್ಚಿದ ಲಾರಿ ಬಂದು ಎಲ್ಲವನ್ನೂ ವಿಷತ್ಯಾಜ್ಯ ಹೂಳುವ ದೂರದ ಸುರಕ್ಷಿತ ಗುಂಡಿಗೆ ಒಯ್ಯುತ್ತದೆ.

ಆ ಏಳು ಜನರಲ್ಲಿ ಹೆಂಗಸು ಶಾಲುಬಾಯಿ ಒಬ್ಬರೇ. ಅವರು ಕೆಲಸ ಕೇಳಿಕೊಂಡು ಬಂದವರೂ ಅಲ್ಲ.

ಊರು ಔರಾದ ತಾಲ್ಲೂಕಿನ ಗಡಿಯ ಹಳ್ಳಿ. ಬೌದ್ಧ ಕುಟುಂಬ. ಮಕ್ಕಳು ಓದಬೇಕೆಂದು ತಂದೆ ಹಟ ಹಿಡಿದಿದ್ದರಿಂದ ಏಳನೆಯವರೆಗೆ ಕಲಿತರು. ಅಣ್ಣ ಶಿಕ್ಷಕರಾದರು, ತಂಗಿ ನರ್ಸ್ ಆದರು. ಶಾಲುಬಾಯಿಗೆ ಬೇಗ ಮದುವೆಯಾಯಿತು. ಹದಿನೈದು ವರ್ಷಗಳ ಹಿಂದಿನ ಬರದಲ್ಲಿ ಗಂಡ ಪಂಢರಿಯ ಜೊತೆ ಹೈದರಾಬಾದಿಗೆ ಹೊರಟವರು ಬೀದರಿನಲ್ಲೇ ಇಳಿದುಬಿಟ್ಟರು. ಈ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಖಾಲಿ ಡ್ರಮ್ಮು ತೊಳೆಯುವ ಕೆಲಸ. ಹನ್ನೊಂದು ವರ್ಷ ಬರಿಗೈಯಲ್ಲಿ ತೊಳೆದರು. ಇವತ್ತಿಗೂ ಅವರ ಎರಡೂ ಕೈಗಳ ಚರ್ಮ ಮೊಣಕೈವರೆಗೆ ಬಿಳಿಚಿಕೊಂಡು, ಅಲ್ಲಿಂದ ಮೇಲೆ ತನ್ನ ಬಣ್ಣಕ್ಕೆ ಮರಳುತ್ತದೆ.

"ಆವಾಗ ಯಾರೂ ಏನೂ ಹೇಳಲಿಲ್ಲರಿ. ಸಾಬಣಿ ಕೊಟ್ರು, ಬ್ರಶ್ ಕೊಟ್ರು, ತಿಕ್ಕು ಅಂದ್ರು. ಡ್ರಮ್ಮಿನ ಮ್ಯಾಲಿನ ಚೀಟಿ ಓದಿ ಓದಿ ನಾನೇ ಕಲ್ತೆ. ಇಂಗ್ಲಿಷ್ ಅಕ್ಷರ ಕೂಡಿಸಿ ಓದೂದು ನನಗ ಸಾಲಿ ಕಲಸಲಿಲ್ಲ, ಡ್ರಮ್ಮು ಕಲಸ್ತು."

ಕಾರ್ಖಾನೆ ಮುಚ್ಚಿದ ಮೇಲೆ ಗಂಡ ಹೆಂಡತಿ ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋದರು. ಮೂರು ವರ್ಷ ಮರಳು ಜರಡಿ ಹಿಡಿದರು. ಡಿಸೆಂಬರಿನಲ್ಲಿ ಸಂಬಂಧಿಕರ ಮದುವೆಗೆಂದು ನೌಬಾದಕ್ಕೆ ಬಂದ ಶಾಲುಬಾಯಿ, ಹಳೆಯ ಗೇಟು ತೆರೆದಿರುವುದು ಕಂಡು ಒಳಗೆ ಇಣುಕಿದರು. ಒಬ್ಬ ತರುಣ ಎಂಜಿನಿಯರ್ ಉಬ್ಬಿದ ಮುಚ್ಚಳಕ್ಕೆ ಸ್ಪ್ಯಾನರ್ ಹಾಕುತ್ತಿದ್ದರು. "ಏ ಸರಾ, ಮುಟ್ಟಬ್ಯಾಡ್ರಿ! ಹಿಂದ ಸರೀರಿ!" ಎಂದು ಶಾಲುಬಾಯಿ ಮದುವೆಯ ಸೀರೆಯಲ್ಲೇ ಓಡಿಬಂದರು. ಕಾಶೀರಾಮ ಅವರಿಗೆ ಅದು ಚೆನ್ನಾಗಿ ನೆನಪಿದೆ. "ನಮ್ಮ ಬಲ್ಲಿ ಮೀಟರ್ ಅದ, ಪುಸ್ತಕ ಅದ. ಯಾವ ಮೂಲ್ಯಾಗ ಏನು ಇಟ್ಟಾರ ಅನ್ನೂದು ಹೇಳೋರು ಒಬ್ಬರೂ ಇರಲಿಲ್ಲ. ಈ ಬಾಯಿ ನಿಂತ ಜಾಗಾದಾಗಿಂದ್ಲೇ ಬೆರಳು ಮಾಡಿ ಹೇಳಿದ್ರು. ಮರುದಿನಾನೇ ಬರ್ರಿ ಅಂದೆ." ಪಂಢರಿ ಒಬ್ಬರೇ ಹೈದರಾಬಾದಿಗೆ ಮರಳಿದರು.

ಕೆಲಸದ ಎರಡನೇ ತಿಂಗಳಲ್ಲಿ ಒಂದು ಲೆಕ್ಕ ತಪ್ಪಿತು. ಕಾರ್ಖಾನೆ ಮುಚ್ಚಿದಾಗ ಮಾಡಿದ ಪಟ್ಟಿಯಲ್ಲಿ ನಾನೂರ ಹನ್ನೆರಡು ಡ್ರಮ್ಮುಗಳಿದ್ದವು. ಎಣಿಸಿದರೆ ಸಿಕ್ಕವು ಮುನ್ನೂರ ಎಪ್ಪತ್ತೊಂದು. ನಲವತ್ತೊಂದು ಕಾಣೆ. ಹಿಂದಿನ ಗೋಡೆ ಒಡೆದಿತ್ತು. ಎಲ್ಲ ಖಾಲಿ ಡ್ರಮ್ಮುಗಳೇ, ಗುಜರಿಗೆ ಹೋಗಿರಬೇಕು ಎಂದು ಕಾಶೀರಾಮ ದೂರು ಬರೆದುಕೊಟ್ಟರು. ಶಾಲುಬಾಯಿಗೆ ಆ ಮಾತು ಒಪ್ಪಿಗೆಯಾಗಲಿಲ್ಲ.

ಇದು ಸತತ ಮೂರನೇ ಬರದ ವರ್ಷ. ಮಾಂಜ್ರಾ ನದಿಯ ಪಾತ್ರದಲ್ಲಿ ದನ ನಡೆದಾಡುತ್ತಿವೆ. ಗಡಿಯಾಚೆಯ ಲಾತೂರಿಗೆ ರೈಲಿನಲ್ಲಿ ನೀರು ಹೋಗುತ್ತಿದೆ. ಹಳ್ಳಿಗಳಿಗೆ ಟ್ಯಾಂಕರ್ ಬರುವುದು ನಾಲ್ಕೈದು ದಿನಕ್ಕೊಮ್ಮೆ. ಬಂದಾಗ ತುಂಬಿಟ್ಟುಕೊಂಡವರೇ ಜಾಣರು. "ಇಂಥಾ ವರ್ಷ ಡ್ರಮ್ಮು ಯಾರು ಗುಜರಿಗೆ ಹಾಕ್ತಾರ್ರಿ? ಬಂಗಾರ ಇದ್ದಂಗ ಅದ. ಅವು ನೀರಿಗೇ ಹೋಗ್ಯಾವ ಅಂತ ನನ್ನ ಮನಸ್ಸು ಹೇಳ್ತು."

ಫೆಬ್ರುವರಿಯ ಒಂದು ಸಂಜೆ ನೌಬಾದದಲ್ಲಿ ನೆರೆಮನೆಯ ಖತೀಜಾ ಬೇಗಂ ಅಂಗಳದಲ್ಲಿ ಅಳುತ್ತಾ ಕುಳಿತಿದ್ದರು. ಎರಡು ಆಡುಗಳು ಒಂದೇ ದಿನ ಸತ್ತಿದ್ದವು. ಗೋಡೆಯ ಪಕ್ಕದಲ್ಲಿ ಹೊಸದಾಗಿ ಕೊಂಡ ನೀಲಿ ಡ್ರಮ್ಮು. ಶಾಲುಬಾಯಿ ಮುಚ್ಚಳದ ಅಂಚಿನ ಸಂದಿಯನ್ನು ಉಗುರಿನಿಂದ ಕೆರೆದರು. ಹಳದಿ ಬಣ್ಣ. ಎಷ್ಟು ತೊಳೆದರೂ ವಿಷ ಬಿಡದ ಡ್ರಮ್ಮುಗಳಿಗೆ, ಹೊರಗೆ ಮಾರಬಾರದೆಂಬ ಗುರುತಿಗೆ, ತೊಳೆಯುವ ಹೆಂಗಸರೇ ಆಗ ಬಳಿಯುತ್ತಿದ್ದ ಹಳದಿ.

"ಭಾಭಿ, ಇದರಾಗಿಂದು ನೀವು ಕುಡದೀರೇನು?" ಎಂದು ಕೇಳಿದರು.

"ಇಲ್ಲ, ಬರೇ ಬಕ್ರಿಗೆ, ಭಾಂಡೆ ತೊಳಿಲಿಕ್ಕ," ಎಂದರು ಖತೀಜಾ ಬೇಗಂ. ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಲಾಲ ಅಹ್ಮದರ ಬಳಿ ಕೊಂಡದ್ದೆಂದೂ ಹೇಳಿದರು.

ಗಂಜಿನ ಹಿಂದಿನ ಓಣಿಯಲ್ಲಿ, ಬೇಳೆಯ ಮೂಟೆ ಹೊತ್ತ ಹಮಾಲರೂ ಕೈಗಾಡಿಗಳೂ ಸಾಗುವ ಇಕ್ಕಟ್ಟಿನಲ್ಲಿ, ಲಾಲ ಅಹ್ಮದರ ಹಳೆ ಡ್ರಮ್ಮು, ಡಬ್ಬಿಗಳ ಅಂಗಡಿಯಿದೆ. ಅರವತ್ತು ದಾಟಿದ ಮನುಷ್ಯ. ಶಾಲುಬಾಯಿ ವಿಷಯ ಹೇಳಿದಾಗ ಅವರು ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟರು. "ಟೆಂಪೋದಾಗ ಇಬ್ಬರು ತಂದಿದ್ರು. ಡೈರಿಯವು ಅಂದ್ರು. ಅಲ್ಲಾ ಕಸಮ್, ನನಗ ಮಾಲೂಮ್ ಇರಲಿಲ್ಲ," ಎಂದರು. ನನ್ನ ಬಳಿಯೂ ಅವರು ಅದೇ ಮಾತು ಹೇಳುತ್ತಾರೆ. ಡ್ರಮ್ಮುಗಳು ಹೋದ ದಿಕ್ಕು ಅವರ ನೆನಪಿನಲ್ಲಿತ್ತು. ಬೀದರಿನ ಸುತ್ತಮುತ್ತ ಒಂಬತ್ತು. ಭಾಲ್ಕಿ ಕಡೆಯ ಹಳ್ಳಿಗಳಿಗೆ ಹತ್ತೊಂಬತ್ತು. ಔರಾದ ಕಡೆಗೆ ಹದಿಮೂರು.

ಹಳ್ಳಿಗಳಿಗೆ ನೋಟಿಸ್ ಕಳಿಸೋಣ, ಡಂಗುರ ಸಾರಿಸೋಣ ಎಂಬ ಮಾತು ಬಂತು. ಶಾಲುಬಾಯಿ ಬೇಡವೆಂದರು. "ಡಂಗುರ ಹೊಡದ್ರ ಮಂದಿ ಡ್ರಮ್ಮು ಮುಚ್ಚಿಡ್ತಾರ್ರಿ. ಸರಕಾರದವರು ಒಯ್ತಾರಂತ ಹೆದರತಾರ. ಬರದಾಗ ಡ್ರಮ್ಮು ಕೇಳಬೇಕಂದ್ರ ಕೈಯಾಗ ಇನ್ನೊಂದು ಡ್ರಮ್ಮು ಹಿಡಕೊಂಡೇ ಹೋಗಬೇಕು." ಬದಲಿಗೆ ಕೊಡುವ ಡ್ರಮ್ಮು ಎಲ್ಲಿಂದ ತರುವುದು? ಸಂಸ್ಥೆಯ ಕಾಗದಪತ್ರಗಳಲ್ಲಿ ಅದಕ್ಕೆ ಜಾಗವಿರಲಿಲ್ಲ. ಲಾಲ ಅಹ್ಮದ ಒಂದು ರಾತ್ರಿ ಕಳೆದು ಬಂದು ಹೇಳಿದರು, "ನನ್ನ ಬಲ್ಲಿ ಅಡಗಿ ಎಣ್ಣಿ ಬಂದ ಡ್ರಮ್ಮು ಅವ. ಗಾಡಿ ಭೀ ನಂದೇ ಅದ. ನಾನೇ ಬರ್ತೇನಿ, ನಡೀರಿ ಬಾಯಿ."

ಹೀಗೆ ಮಾರ್ಚಿನಿಂದ ಪ್ರತಿ ಭಾನುವಾರ, ವಾರದ ಒಂದೇ ರಜೆಯ ದಿನ, ಇಬ್ಬರೂ ಸಣ್ಣ ಗೂಡ್ಸ್ ಗಾಡಿಯಲ್ಲಿ ಹೊರಟರು. ಮಾರಿದವರೇ ತಿರುಗಿ ಬಂದು ಕೇಳುತ್ತಿದ್ದಾರೆಂದರೆ ಜನ ಸುಮ್ಮನಿರುತ್ತಾರೆಯೇ? ಒಂದೂರಿನಲ್ಲಿ ಲಾಲ ಅಹ್ಮದರ ಅಂಗಿಯ ಕಾಲರ್ ಹರಿಯಿತು. ಶಾಲುಬಾಯಿ ನಡುವೆ ನಿಂತು, ತಮ್ಮ ತೋಳು ಮಡಚಿ ಬಿಳಿಚಿದ ಕೈ ತೋರಿಸಿದರು. "ನಾ ಹನ್ನೊಂದು ವರ್ಷ ಇವನ್ನೇ ತಿಕ್ಕೇನಿ. ಪ್ಲಾಸ್ಟಿಕ್ಕು ಭೀ ವಿಷ ಕುಡಿತದರಿ. ಒಮ್ಮಿ ಕುಡಿದಿದ್ದು ಬಿಸಲಿಗೆ ಹೊಳ್ಳಿ ನೀರಿನ್ಯಾಗ ಬಿಡ್ತದ. ತಪ್ಪು ಈ ಚಾಚಾಂದಲ್ಲ, ಕದ್ದವರದು," ಎಂದರು. ಆ ಊರಿನಲ್ಲಿ ಅವತ್ತು ನಾಲ್ಕು ಡ್ರಮ್ಮು ಸಿಕ್ಕವು.

ಭಾಲ್ಕಿ ತಾಲ್ಲೂಕಿನ ಹಳ್ಳಿಯೊಂದರ ವಿಮಲಾಬಾಯಿಯನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ಅವರನ್ನು ನಾನು ಮೊನ್ನೆ ಭೇಟಿಯಾದೆ. ಹಣೆಯ ತುಂಬ ವಿಭೂತಿ, ಗಟ್ಟಿ ದನಿಯ ಅರವತ್ತರ ಹೆಂಗಸು. "ಐದು ದಿನಕ್ಕ ಟ್ಯಾಂಕರ್ ಬಂದಿತ್ತರಿ. ಕಂಠಮಟ ತುಂಬಿಸಿಟ್ಟಿದ್ದೆ. ಅದನ್ನ ಕೊಡು ಅಂತ ಬಂದಾಳ! ಹೊರಗ ನಡಿ ಅಂದೆ," ಎಂದು ನಗುತ್ತಾರೆ. ಆ ನೀರನ್ನು ಎರಡು ಎಮ್ಮೆಗಳಿಗೆ ಕುಡಿಸಬೇಕಿತ್ತು, ಸ್ನಾನಕ್ಕೂ ಅದೇ. ಶಾಲುಬಾಯಿ ವಾದ ಮಾಡಲಿಲ್ಲ. "ಅಕ್ಕಾ, ಇವತ್ತೊಂದು ದಿನ ಅದನ್ನ ಮುಟ್ಟಬ್ಯಾಡ್ರಿ. ಮೊದಲು ಈ ಡ್ರಮ್ಮು ತುಂಬಸ್ತೇನಿ. ಆಮ್ಯಾಲ ಅದನ್ನ ಕೊಡ್ರಿ," ಎಂದು ತಾವು ತಂದ ಡ್ರಮ್ಮು ಇಳಿಸಿ, ಕೊಡ ಎತ್ತಿಕೊಂಡು ಊರಾಚೆಯ ಬಾವಿಗೆ ನಡೆದರು.

ಬಾವಿಯ ತಳದಲ್ಲಿ ಒಸರುವ ನೀರು ಒಂದು ಕೊಡ ತುಂಬಲು ಕಾಲು ತಾಸು ಬೇಕು. ಸರದಿಯಲ್ಲಿ ನಿಂತು, ತುಂಬಿ, ಹೊತ್ತು ತರುವುದು. ಮಧ್ಯಾಹ್ನದವರೆಗೆ ಏಳು ಕೊಡವಾದವು. ಸರದಿಯ ಹೆಂಗಸರು ವಿಷಯ ಕೇಳಿ ತಿಳಿದು ಒಬ್ಬೊಬ್ಬರು ಒಂದೊಂದು ಕೊಡ ಬಿಟ್ಟುಕೊಟ್ಟರು. ಲಾಲ ಅಹ್ಮದರೂ ಹೊತ್ತರು. ಸಂಜೆಯ ಹೊತ್ತಿಗೆ ಡ್ರಮ್ಮು ಕುತ್ತಿಗೆಯವರೆಗೆ ತುಂಬಿದಾಗ ವಿಮಲಾಬಾಯಿ ಎದ್ದು ಹೋಗಿ ಹಳೆಯದರ ಮುಚ್ಚಳವನ್ನು ತಾವೇ ಬಿಗಿದು ಕೊಟ್ಟರು.

ಇನ್ನೊಂದು ತೊಡಕಿತ್ತು. ಹಳೆಯ ಡ್ರಮ್ಮಿನ ನೀರನ್ನು ಚೆಲ್ಲುವಂತಿರಲಿಲ್ಲ. ನೆಲಕ್ಕಿಳಿದರೆ ಅದೇ ಬಾವಿಗೆ ಸೇರುತ್ತದೆ. ನೀರು ತುಂಬಿದ ಡ್ರಮ್ಮನ್ನೇ ಆರು ಜನ ಸೇರಿ ಗಾಡಿಗೇರಿಸಿದರು. ಮೂರು ವರ್ಷ ಮಳೆ ಕಾಣದ ಊರಿನಿಂದ ತುಂಬಿದ ನೀರು ಗಾಡಿಯಲ್ಲಿ ಹೊರಗೆ ಹೋಗುವುದನ್ನು ಜನ ನಿಂತು ನೋಡಿದರು. ಕಾರ್ಖಾನೆಗೆ ತಂದ ಮೇಲೆ ಅದಕ್ಕೂ ಚೀಟಿ ಅಂಟಿಸಬೇಕು. ಚೀಟಿ ಬರೆಯುವುದು ಶಾಲುಬಾಯಿಯ ಕೆಲಸ. "ನೀರಿನ ಮ್ಯಾಲ 'ವಿಷಕಾರಿ ತ್ಯಾಜ್ಯ' ಅಂತ ಬರಿಬೇಕಾತು. ಕೈ ಏಳಲಿಲ್ಲರಿ. ಅವತ್ತ ಮಾತ್ರ ಅತ್ತೇನಿ," ಎನ್ನುತ್ತಾರೆ. ಅಷ್ಟು ಹೇಳಿ ಬೂಟಿನ ಧೂಳು ಒರೆಸಲು ತೊಡಗುತ್ತಾರೆ.

ಮೇ ಮೊದಲ ವಾರದ ಹೊತ್ತಿಗೆ ನಲವತ್ತು ಡ್ರಮ್ಮುಗಳು ಮರಳಿದ್ದವು. ಒಂದು ಉಳಿಯಿತು. ಅದು ಔರಾದ ತಾಲ್ಲೂಕಿನ ಒಂದು ಮನೆಯೊಳಗಿದೆ ಎಂಬುದು ಗೊತ್ತಿತ್ತು. ಆ ಮನೆಗೆ ಬೀಗ. ಮನೆಯವರು ಯುಗಾದಿಗೂ ಮೊದಲೇ ಹೈದರಾಬಾದಿಗೆ ದುಡಿಯಲು ಹೋಗಿದ್ದರು. ನೆರೆಯ ಮೀರಾಬಾಯಿ ಫೋನ್ ನಂಬರ್ ಕೊಟ್ಟರು. ಮೊದಲ ಸಲ ಫೋನ್ ಎತ್ತಿದ ಯಜಮಾನರು, "ಬೀಗ ಮುರಿಲಿಕ್ಕ ಇದೊಂದು ನೆಪ ಏನು?" ಎಂದು ಬೈದು ಇಟ್ಟರು. ಮುಂದಿನ ಭಾನುವಾರವೂ ಅದೇ ಆಯಿತು. ಮೂರನೆಯ ಭಾನುವಾರ ಅವರ ಹೆಂಡತಿ ಅಂಜನಾಬಾಯಿ ಎತ್ತಿಕೊಂಡರು.

"ಡ್ರಮ್ಮಿನ್ಯಾಗ ಏನು ಇಟ್ಟೀರಿ ಅಕ್ಕಾ?"

"ತೊಗರಿ ಬೀಜ. ಇಲಿ ಹತ್ತಬಾರದಂತ ಇಟ್ಟೇವಿ. ಮಳಿ ಬಂದ್ರ ಬಿತ್ತೂದು."

"ಬಿತ್ತಿ ಉಳದಿದ್ದು ಏನು ಮಾಡ್ತೀರಿ?"

"ಬ್ಯಾಳಿ ಮಾಡ್ಕೋತೇವಿ. ಮತ್ತೇನು ಚೆಲ್ತಾರೇನು?"

ಶಾಲುಬಾಯಿ ಎಲ್ಲವನ್ನೂ ಮೊದಲಿಂದ ಹೇಳಿದರು. ಖತೀಜಾ ಬೇಗಂ ಅವರ ಆಡಿನ ಕತೆಯನ್ನೂ ಹೇಳಿದರು. ಆಮೇಲೆ, "ಬರೋ ಐತವಾರ ಬರ್ತೇನಿ. ನಾ ಬರೂತನಕ ಬಾಗಿಲ ಮುಟ್ಟಬ್ಯಾಡ್ರಿ," ಎಂದರು ಅಂಜನಾಬಾಯಿ.

ಕಳೆದ ಭಾನುವಾರ ನಾನೂ ಆ ಗಾಡಿಯಲ್ಲಿದ್ದೆ. ಹತ್ತರ ಹೊತ್ತಿಗೆ ಅಂಜನಾಬಾಯಿ ಔರಾದ ಬಸ್ಸಿನಿಂದ ಇಳಿದು, ಉಳಿದ ದಾರಿಯನ್ನು ನಡೆದೇ ಬಂದರು. ಸೊಂಟದಿಂದ ಕೀಲಿಕೈ ತೆಗೆದು ಬೀಗ ತೆರೆದರು. ಒಳಗೆ ಮುಚ್ಚಿದ ಮನೆಯ ಬಿಸಿ ಗಾಳಿ. ಮೂಲೆಯಲ್ಲಿ ನೀಲಿ ಡ್ರಮ್ಮು, ಅದರ ಮೇಲೆ ಮಡಚಿಟ್ಟ ಕೌದಿಗಳು. ಶಾಲುಬಾಯಿ ಎಲ್ಲರನ್ನೂ ಹೊರಗೆ ನಿಲ್ಲಿಸಿ, ಮಾಸ್ಕ್ ಹಾಕಿಕೊಂಡು ಒಬ್ಬರೇ ಒಳಹೋದರು. ಮುಚ್ಚಳದ ಸಂದಿಯಲ್ಲಿ ಹಳದಿಯಿತ್ತು. ಒಳಗೆ ಅರ್ಧದವರೆಗೆ ಕೆಂಪು ತೊಗರಿ.

"ನಮ್ಮ ಅತ್ತಿ ಕಾಲದ ಬೀಜ ಅದ. ಪ್ಯಾಟಿದಲ್ಲ. ಒಂದು ಬೊಗಸಿ ತಕ್ಕೋತೇನಿ, ತೊಳದು ಬಿತ್ತತೇನಿ," ಎಂದು ಹೊಸ್ತಿಲ ಬಳಿ ನಿಂತ ಅಂಜನಾಬಾಯಿ ಕೈ ಚಾಚಿದರು. ಶಾಲುಬಾಯಿ ಕೈಗವಸಿನ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಲೆಯಾಡಿಸಿದರು. "ಬ್ಯಾಡ ಅಕ್ಕಾ. ಒಂದು ಕಾಳು ಭೀ ಬ್ಯಾಡ. ನಿಮ್ಮ ಕಾಲು ಬೀಳತೇನಿ."

ಅಂಜನಾಬಾಯಿ ಕಟ್ಟೆಯ ಮೇಲೆ ಕುಳಿತರು. ಅಳಲಿಲ್ಲ, ಬೈಯಲೂ ಇಲ್ಲ. ಕೀಲಿಕೈಯನ್ನು ಅಂಗೈಯಲ್ಲಿ ತಿರುಗಿಸುತ್ತಾ ಕುಳಿತರು. ಲಾಲ ಅಹ್ಮದ ಗಾಡಿಯ ಪಕ್ಕ ತಲೆ ತಗ್ಗಿಸಿ ನಿಂತಿದ್ದರು. ಅಷ್ಟರಲ್ಲಿ ನೆರೆಯ ಮೀರಾಬಾಯಿ ತಮ್ಮ ಮನೆಯೊಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಸೆರಗಿನ ಕೆಳಗೆ ಒಂದು ಮಣ್ಣಿನ ಗಡಿಗೆ ಹಿಡಿದು ಬಂದರು. ಬಾಯಿಗೆ ಸಗಣಿ ಮೆತ್ತಿದ ಗಡಿಗೆ. "ನನ್ನ ಲಗ್ನ ಆಗಿ ಬಂದ ವರ್ಷ ನಿಮ್ಮ ಅತ್ತಿ ಒಂದು ಸೇರು ಕೊಟ್ಟಿದ್ಳು. ವರ್ಷಾ ವರ್ಷಾ ಅದನ್ನೇ ಬಿತ್ತೇನಿ. ನಿಂದೇ ಬೀಜ ಅದ, ತಗೋ. ಅರ್ಧ ನಿನಗ, ಅರ್ಧ ನನಗ," ಎಂದರು. ಅಂಜನಾಬಾಯಿ ಗಡಿಗೆಯ ಬಾಯಿ ಒಡೆದು, ನಾಲ್ಕು ಕಾಳು ಅಂಗೈಗೆ ಸುರಿದುಕೊಂಡು ಬಿಸಿಲಿಗೆ ಹಿಡಿದು ನೋಡಿದರು. ಅವರ ಕಣ್ಣು ಆಗ ತುಂಬಿತು.

ಡ್ರಮ್ಮು ಗಾಡಿಯೇರಿತು. ನಲವತ್ತೊಂದನೆಯದು. ಅಂಜನಾಬಾಯಿ ಮೀರಾಬಾಯಿಯ ಮನೆಯಲ್ಲೇ ರೊಟ್ಟಿ ಸುಟ್ಟು ನಮ್ಮೆಲ್ಲರಿಗೂ ಬಡಿಸಿದರು. ಶಾಲುಬಾಯಿ ಮೂರು ಸಲ ಕೈ ತೊಳೆದು, ಆಮೇಲೆಯೇ ತಟ್ಟೆಗೆ ಕೈ ಹಾಕಿದರು.

ಕಾರ್ಖಾನೆಯ ಕೆಲಸ ಇನ್ನು ನಾಲ್ಕು ತಿಂಗಳಿಗೆ ಮುಗಿಯುತ್ತದೆ. ಕಳುವಿನ ಟೆಂಪೋ ಯಾರದೆಂದು ಇನ್ನೂ ಪತ್ತೆಯಾಗಿಲ್ಲ. ಕೆಲಸ ಮುಗಿದ ಮೇಲೆ ಏನು ಎಂದು ಮರಳುವ ದಾರಿಯಲ್ಲಿ ಕೇಳಿದೆ. ಮಳೆ ಬಂದರೆ ಇಲ್ಲೇ, ಬಾರದಿದ್ದರೆ ಹೈದರಾಬಾದಿಗೆ ಎಂದರು, ನೆರೆಮನೆಗೆ ಹೋಗಿಬರುವಷ್ಟು ಸಹಜವಾಗಿ. ಗಾಡಿ ಏರಿಳಿಯುವಾಗಲೆಲ್ಲ ಹಿಂದೆ ತಿರುಗಿ ಡ್ರಮ್ಮಿಗೆ ಕಟ್ಟಿದ ಹಗ್ಗ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ ಮಾತು ತೆಗೆದರು.

"ನಮ್ಮ ಮನಿಯವರು ಫೋನ್‌ನ್ಯಾಗ ಚ್ಯಾಷ್ಟಿ ಮಾಡ್ತಾರ್ರಿ. ನಾ ಇಲ್ಲಿ ಹನ್ನೆರಡು ಮಜಲಾ ಕಟ್ಟೇನಿ, ನೀ ಅಲ್ಲಿ ಏನು ಕಟ್ಟಿದಿ ಅಂತಾರ. ನಾ ಏನೂ ಕಟ್ಟಿಲ್ಲರಿ. ತೋರಸಲಿಕ್ಕ ನನ್ನ ಬಲ್ಲಿ ಏನೂ ಇಲ್ಲ. ಆದರ ನಲವತ್ತೊಂದು ಮನ್ಯಾಗ ಒಬ್ಬ ಮನುಷ್ಯಾಗ ಭೀ ಏನೂ ಆಗಿಲ್ಲ ನೋಡ್ರಿ. ಆ ಏನೂ ಆಗಿಲ್ಲ ಅನ್ನೂದೇ ನನ್ನ ಕೆಲಸ."